ಸ್ಟೇಪ್ಲರ್‌ಗೆ ಯೂಸರ್ ಗೈಡ್ ಹೇಳಿ ಅಂದಾಗ

ಟೆಕ್ನಿಕಲ್ ರೈಟರ್, ಅಂದರೆ ಸಾಫ್ಟ್‌ವೇರ್‌ನಂಥವುಗಳ ಬಳಕೆಯ ಕೈಪಿಡಿ ಬರೆಯುವವರ ಕೆಲಸದ ಇಂಟರ್‌ವ್ಯೂಗೆ ಹೋಗುವವರು ಸಾಮಾನ್ಯವಾಗಿ ಟೂಲ್‌ಗಳನ್ನು ಓದಿಕೊಂಡು ಹೋಗುತ್ತಾರೆ. ಬರಹವನ್ನು ಜೋಡಿಸುವ ಮಾರ್ಕ್‌ಡೌನ್, ಡಿಟಾ, ಬದಲಾವಣೆಗಳ ಲೆಕ್ಕ ಇಡುವ ಗಿಟ್, ಬರವಣಿಗೆಯ ನಿಯಮಗಳ ಸ್ಟೈಲ್ ಗೈಡ್. ನಾನೂ ಅಷ್ಟೇ. ಆದರೆ ಪೇಚಿಗೆ ಸಿಕ್ಕಿಸುವ ಪ್ರಶ್ನೆಗಳು ಅಲ್ಲಿಂದ ಬರುವುದು ಕಡಿಮೆ. ಒಂದು ಕಡೆ ಮೇಜಿನ ಮೇಲಿದ್ದ ಸ್ಟೇಪ್ಲರನ್ನು ನನ್ನತ್ತ ತಳ್ಳಿ, "ಇದಕ್ಕೊಂದು ಯೂಸರ್ ಗೈಡ್ ಬಾಯಲ್ಲೇ ಹೇಳಿ" ಅಂದರು.

ಇಂಥ ಪ್ರಶ್ನೆ ಬಂದರೆ ನಾನು ತಕ್ಷಣ ಉತ್ತರಕ್ಕೆ ಕೈ ಹಾಕುವುದಿಲ್ಲ. "ಓದುವವರು ಯಾರು? ಬಳಸುವವರೋ, ರಿಪೇರಿ ಮಾಡುವವರೋ?" ಅಂತ ಕೇಳಿದೆ. ಮೊದಲ ಸಲ ಬಳಸುವವರು ಅಂದರು. ಹಾಗಾದರೆ ಒಳಗೆ ಪಿನ್ ಇದೆಯಾ ನೋಡಿ ಅನ್ನುವಲ್ಲಿಂದಲೇ ಶುರು. ಹಾಳೆಗಳ ಅಂಚು ಸರಿಮಾಡಿ. ಬೆರಳು ದೂರ ಇಡಿ. ಹಾಳೆಯ ಮೂಲೆಯನ್ನು ಸಂದಿಗೆ ತೂರಿಸಿ ಒತ್ತಿ. ಬೆರಳಿನ ಎಚ್ಚರಿಕೆ ಮೊದಲೇ ಬರಬೇಕು. ಒತ್ತಿದ ಮೇಲೆ ಓದಿ ಏನು ಪ್ರಯೋಜನ? ಪಿನ್ನಿನ ಎರಡೂ ತುದಿ ಹಿಂದೆ ಮಡಚಿಕೊಂಡಿದ್ದರೆ ಕೆಲಸ ಆಯಿತು. ಪಿನ್ ಸಿಕ್ಕಿಕೊಂಡರೆ ಏನು ಮಾಡಬೇಕು ಅಂತಲೂ ಒಂದು ಸಾಲು ಹೇಳಿದೆ. ಶೂ ಲೇಸ್ ಕಟ್ಟುವುದನ್ನು ಫೋನಿನಲ್ಲಿ ವಿವರಿಸಿ ಅಂದರೂ ನನ್ನ ದಾರಿ ಇದೇ.

ಗೊತ್ತೇ ಇಲ್ಲದ ವಿಷಯ ಕೇಳಿದರೆ? "ಐಡೆಂಪೊಟೆಂಟ್ ರಿಕ್ವೆಸ್ಟ್ ಬಗ್ಗೆ ಹೇಗೆ ಬರೀತೀರಿ?" ಅಂತ ಒಬ್ಬ ಡೆವಲಪರ್ ಕೇಳಿದ್ದರು. ನನಗೆ ಅದು ಹೊಸದು. ಹಾಗಂತಲೇ ಹೇಳಿ, "ಇದು ಗೊತ್ತಿಲ್ಲದಿದ್ದರೆ ಬಳಸುವವರಿಗೆ ಏನು ತೊಂದರೆ ಆಗುತ್ತೆ ಸರ್?" ಅಂದೆ. ಅವರು ಖುಷಿಯಾಗಿ ಹೇಳುತ್ತಾ ಹೋದರು. ಎಷ್ಟು ಸಲ ಕಳಿಸಿದರೂ ಒಂದು ಸಲ ಕಳಿಸಿದಷ್ಟೇ ಪರಿಣಾಮ ಆಗುವ ರಿಕ್ವೆಸ್ಟ್ ಐಡೆಂಪೊಟೆಂಟ್. ನೆಟ್‌ವರ್ಕ್ ಕೈಕೊಟ್ಟಾಗ ಆ್ಯಪ್ ಅದೇ ರಿಕ್ವೆಸ್ಟನ್ನು ಮತ್ತೆ ಕಳಿಸುತ್ತೆ. ಇರುವುದರ ಜಾಗದಲ್ಲಿ ಕಳಿಸಿದ್ದನ್ನು ಇಡುವ ಪುಟ್ ರಿಕ್ವೆಸ್ಟ್ ಆದರೆ ಫಲಿತಾಂಶ ಬದಲಾಗಬಾರದು. ಹೊಸದನ್ನು ಸೇರಿಸುವ ಪೋಸ್ಟ್ ಆದರೆ ಒಂದೇ ಆರ್ಡರ್ ಎರಡಾಗಿಬಿಡಬಹುದು. "ಹಾಗಿದ್ರೆ ಪ್ರತಿ ಎಂಡ್‌ಪಾಯಿಂಟ್ (ರಿಕ್ವೆಸ್ಟ್ ಹೋಗುವ ವಿಳಾಸ) ಪುಟದಲ್ಲೂ ಮತ್ತೆ ಕಳಿಸಬಹುದೋ ಬಾರದೋ ಅಂತ ಒಂದು ಸಾಲು ಬೇಕು ಅಲ್ವಾ?" ಅಂದೆ. ಅವರು ನೋಟ್ ಮಾಡಿಕೊಂಡರು. ಕೆಲಸಕ್ಕೆ ಸೇರಿದ ಮೇಲೂ ದಿನಾ ಮಾಡುವುದು ಇದನ್ನೇ ತಾನೇ? ಗೊತ್ತಿದ್ದವರಿಂದ ಕೇಳಿ ತಿಳಿದು ಬರೆಯುವುದು.

"ಡೆವಲಪರ್ ನಿಮ್ಮ ಮೇಲ್‌ಗೆ ಉತ್ತರವೇ ಕೊಡಲ್ಲ, ನಾಳೆ ರಿಲೀಸ್" ಅನ್ನುವುದು ಇನ್ನೊಂದು. ಮ್ಯಾನೇಜರ್‌ಗೆ ಹೇಳುತ್ತೇನೆ ಅನ್ನುವ ಉತ್ತರ ನನಗೆ ಸಪ್ಪೆ ಅನ್ನಿಸುತ್ತದೆ. ಟಿಕೆಟ್ (ಆ ಕೆಲಸದ ವಿವರ ಬರೆದಿಟ್ಟ ದಾಖಲೆ) ಓದಿ, ಟೆಸ್ಟ್ ಬಿಲ್ಡ್ (ಪರೀಕ್ಷೆಗೆ ಸಿದ್ಧವಾದ ಆವೃತ್ತಿ) ನಾನೇ ಓಡಿಸಿ, ಅರ್ಥವಾದಷ್ಟು ಬರೆದು ಕಳಿಸುತ್ತೇನೆ ಅಂದೆ. ಖಾಲಿ ಪ್ರಶ್ನೆಗೆ ಉತ್ತರಿಸದವರು ಕಣ್ಣೆದುರು ತಪ್ಪು ಸಾಲು ಕಂಡರೆ ಸುಮ್ನೆ ಕೂರುವುದಿಲ್ಲ!

"ನಮ್ಮ ಡಾಕ್ಯುಮೆಂಟೇಶನ್‌ನಲ್ಲಿ ಏನು ಸರಿಯಿಲ್ಲ?" ಅನ್ನುವುದಕ್ಕೆ ಮನೆಯಲ್ಲೇ ತಯಾರಾಗಬಹುದು. ನಾನು ಹೋಗುವ ಮುಂಚೆ ಅವರ ಇನ್‌ಸ್ಟಾಲೇಶನ್ ಪುಟ ತೆರೆದು, ಹೇಳಿದಂತೆ ಮಾಡಿ ನೋಡುತ್ತೇನೆ. ಒಮ್ಮೆ ಅಡ್ಮಿನ್ ಪರ್ಮಿಶನ್ ಬೇಕು ಅನ್ನುವುದು ಏಳನೇ ಹೆಜ್ಜೆಯಲ್ಲಿತ್ತು. ಅದಿಲ್ಲದವರು ಅಷ್ಟು ದೂರ ಬಂದು ವಾಪಸ್ ಹೋಗಬೇಕು. ಅದನ್ನು ಮೊದಲಿಗೇ ತರುತ್ತೇನೆ ಅಂದೆ. ಭಾಷೆ ಚೆನ್ನಾಗಿಲ್ಲ, ಬಣ್ಣ ಚೆನ್ನಾಗಿಲ್ಲ ಅಂತೆಲ್ಲ ಹೇಳಲು ಹೋಗುವುದಿಲ್ಲ. ಅದನ್ನು ಬರೆದವರು ಎದುರಿಗೇ ಕೂತಿರಬಹುದು.

ಎಐ ಬರೆಯುವಾಗ ನೀವು ಯಾಕೆ ಅಂತಲೂ ಈಗ ಕೇಳುತ್ತಾರೆ. ಡ್ರಾಫ್ಟ್‌ಗೆ ನಾನೂ ಬಳಸುತ್ತೇನೆ ಅನ್ನುತ್ತೇನೆ. ನಿನ್ನೆಯ ಬಿಲ್ಡ್‌ನಲ್ಲಿ ಬಟನ್ ಹೆಸರು ಬದಲಾಗಿದ್ದರೆ, ಯಾರೂ ಅದಕ್ಕೆ ತಿಳಿಸದೆ ಅದು ಹಳೆಯ ಹೆಸರನ್ನೇ ಬರೆದೀತು. ಓಡಿಸಿ ನೋಡಲು ಒಬ್ಬರು ಬೇಕೇ ಬೇಕು.

ಕೊನೆಗೆ "ನಿಮ್ಮದೇನಾದರೂ ಪ್ರಶ್ನೆ?" ಅಂದಾಗ ನಾನು ಕೇಳುವುದು ಒಂದೇ. ಡಾಕ್ಯುಮೆಂಟ್ ರೆಡಿ ಆಗದಿದ್ದರೆ ರಿಲೀಸ್ ನಿಲ್ಲುತ್ತಾ? ಹೆಚ್ಚಿನ ಕಡೆ ನಗುತ್ತಾರೆ. "ಒಮ್ಮೆ ನಿಲ್ಲಿಸಿದ್ದೆವು" ಅಂದ ತಂಡವನ್ನೇ ನಾನು ಆರಿಸಿಕೊಂಡೆ.