ಮಳೆಗಾಲದಲ್ಲೇ ಮರದ ಉಪ್ಪರಿಗೆ ಕಟ್ಟಿಸಿದೆ: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಮನೆಗೆ ಉಪ್ಪರಿಗೆ ಪೂರ್ತಿ ಮರದ್ದೇ ಆಗಬೇಕು ಅಂತ ನನ್ನ ಆಸೆ. ಕೆಳಗೆ ಕೆಂಪುಕಲ್ಲಿನ ಗೋಡೆ, ಮೇಲೆ ಬೋಗಿ ಮರದ ಕಂಬ ಮತ್ತು ತೊಲೆ, ಹಲಸಿನ ಹಲಗೆಯ ಗೋಡೆ, ಹಲಸಿನದ್ದೇ ಮುಚ್ಚಿಗೆ (ಹಲಗೆಯ ಒಳಛಾವಣಿ). ಇಷ್ಟು ಕೆಲಸ ಒಂದು ಬೇಸಿಗೆಯಲ್ಲಿ ಮುಗಿಯುವುದಿಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ, ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಹಾಗಾಗಿ ಮರ ಮೇಲೇರುವ ಮೊದಲೇ ಕಬ್ಬಿಣದ ಪೈಪ್ ನಿಲ್ಲಿಸಿ ಶೀಟಿನ ತಾತ್ಕಾಲಿಕ ಮಾಡು (ಛಾವಣಿ) ಹಾಕಿಸಿದೆ. ಖರ್ಚಾಯಿತು, ಆದರೆ ಈ ಖರ್ಚಿನಲ್ಲಿ ಜಿಪುಣತನ ಬೇಡ.

"ಅಣ್ಣಾ, ಟರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿ ಬಿಡುವಾ, ಒಂದು ಹನಿ ತಾಗುವುದಿಲ್ಲ" ಅಂದರು ಆಚಾರಿ. ನಾನು ಒಪ್ಪಲಿಲ್ಲ. ಮರಕ್ಕೆ ಬಿದ್ದ ನೀರಿಗಿಂತ ಅಲ್ಲೇ ನಿಂತ ನೀರು ಕೆಟ್ಟದ್ದು. ಬಿಗಿಯಾಗಿ ಸುತ್ತಿದರೆ ಒಳಗಿನ ಹಸಿ ಹೊರಗೆ ಹೋಗದೆ ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಬೆವರಿನ ಹಾಗೆ ಇಳಿಯುತ್ತದೆ, ಆಮೇಲೆ ಬೂಷ್ಟು ಬರಲು ಜಾಸ್ತಿ ಹೊತ್ತು ಬೇಡ. ಅದಕ್ಕೇ ಮೇಲೆ ಮಾತ್ರ ಮುಚ್ಚಿ, ಸುತ್ತ ಗಾಳಿಗೆ ಬಿಟ್ಟೆವು. ಪಡುವಣದಿಂದ ಇರಚಲು ಜೋರು, ಅಲ್ವಾ? ಆ ಬದಿಗೆ ಹೆಣೆದ ತೆಂಗಿನ ಮಡಲಿನ ತಟ್ಟಿ ಕಟ್ಟಿದೆವು. ಮಳೆಯ ರಭಸ ಮುರಿಯುತ್ತದೆ, ಗಾಳಿ ಆಡುತ್ತದೆ.

ನಾನು ಹೆಚ್ಚು ಕಾಳಜಿ ಮಾಡಿದ್ದು ಮರದ ತುದಿಗಳ ಬಗ್ಗೆ. ಕೊಯ್ದ ತುದಿಯಲ್ಲಿ ನಾರಿನ ಕೊಳವೆಗಳು ಬಾಯಿ ತೆರೆದಿರುತ್ತವೆ, ಹಾಗಾಗಿ ಹಲಗೆಯ ಮೈಗಿಂತ ತುದಿ ತುಂಬಾ ಬೇಗ ನೀರು ಹೀರುತ್ತದೆ. ಕಂಬ, ತೊಲೆ ಕೊಯ್ದ ಕೂಡಲೇ ತುದಿಗೆ ಕರಗಿಸಿದ ಮೇಣ ಹಚ್ಚಿಸಿದೆ. ಕಂಬದ ಬುಡ ಕಾಂಕ್ರೀಟಿಗೆ ನೇರ ತಾಗಲು ಬಿಡಲಿಲ್ಲ, ನಡುವೆ ಕರಿಕಲ್ಲು ಇಟ್ಟೆವು. ಕೂಡು ಹಾಕಿದ ಜಾಗದಲ್ಲಿ ನೀರು ಕಂಡರೆ ಅವತ್ತೇ ಬಟ್ಟೆಯಿಂದ ಒರೆಸುವುದು, ನಾಳೆಗೆ ಇಡುವುದಿಲ್ಲ. ಮೊಳೆ, ಸ್ಕ್ರೂ ಎಲ್ಲಾ ತುಕ್ಕು ಹಿಡಿಯದ ಸ್ಟೀಲಿನದ್ದೇ ತಂದೆ. ಮರದ ಒಗರಿಗೆ ಕಬ್ಬಿಣ, ನೀರು ಸೇರಿದರೆ ಕಪ್ಪು ಕಲೆ ಏಳುತ್ತದೆ, ಅದನ್ನು ಉಜ್ಜಿ ತೆಗೆಯುವುದು ದೊಡ್ಡ ಕೆಲಸ.

ಎರಡು ಸೂಜಿಯ ತೇವ ಅಳೆಯುವ ಮೀಟರ್ ಒಂದು ಇಟ್ಟುಕೊಳ್ಳಿ. ಶೇ. 20 ದಾಟಿ ಹಾಗೇ ಉಳಿದರೆ ಮರ ಕೊಳೆಸುವ ಶಿಲೀಂಧ್ರಕ್ಕೆ ದಾರಿ. ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ನಮ್ಮ ಕಡೆ ಗಾಳಿಯೇ ಒದ್ದೆ, ಎಷ್ಟು ಫ್ಯಾನ್ ಹಾಕಿದರೂ ಶೇ. 18ರಿಂದ ಕೆಳಗೆ ಇಳಿಸುವುದು ಕಷ್ಟ. ಆಗ ಅವಸರದಲ್ಲಿ ಪಾಲಿಶ್ ಹೊಡೆದು ಹಸಿಯನ್ನು ಒಳಗೇ ಕಟ್ಟಿಹಾಕಬಾರದು. ಮುಚ್ಚಿಗೆಯ ಹಲಗೆ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾಗಿ ಆಗ ಹಲಗೆಗಳನ್ನು ಸುಮ್ನೆ ಹರಡಿ ಇಟ್ಟು, ಒಂದೊಂದೇ ಸ್ಕ್ರೂ ಹಾಕಿ ಬಿಟ್ಟೆವು.

ತುಲಾ ಮಳೆಯ (ಅಕ್ಟೋಬರ್-ನವೆಂಬರ್‌ನ ಹಿಂಗಾರು ಮಳೆಯ) ಗುಡುಗು ನಿಂತ ಮೇಲೆ ತಟ್ಟಿ ಬಿಚ್ಚಿದೆವು. ಜನವರಿಯಲ್ಲಿ ಮೀಟರ್ 14 ತೋರಿಸಿತು. ಆಗ ಹಲಗೆಗಳನ್ನು ಒತ್ತಿ ಕೂರಿಸಿ ಬಿಗಿದು, ಆಮೇಲೆ ಎಣ್ಣೆ ಹಚ್ಚಿದೆವು. ಶೀಟಿನ ಮಾಡನ್ನು ಇಳಿಸಿದ್ದು ಹಂಚು ಹೊದಿಸಿ ಮುಗಿದ ಮೇಲೆಯೇ.