ಸಂಶೋಧನಾ ಅನುದಾನದ ಅರ್ಜಿ: ಹತ್ತು ದಿನ ಮೊದಲೇ ಕಳುಹಿಸುವುದು ಹೇಗೆ

ಕೋಲಾರದ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಕೊಳವೆಬಾವಿ ನೀರಿನ ಫ್ಲೋರೈಡ್ ನನ್ನ ಸಂಶೋಧನೆಯ ವಿಷಯ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಮಕ್ಕಳು ನಕ್ಕಾಗ ಹಲ್ಲಿನ ಮೇಲೆ ಕಾಣುವ ಕಂದು ಗೆರೆಗಳೇ ಆ ಮಿತಿ ದಾಟಿರುವುದನ್ನು ಹೇಳುತ್ತವೆ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಎಂದು ತಿರುಗಿ ನೀರಿನ ಮಾದರಿ ತರುವುದಕ್ಕೆ, ಫ್ಲೋರೈಡ್ ಅಳೆಯುವ ಅಯಾನ್ ಮೀಟರ್ ಕೊಳ್ಳುವುದಕ್ಕೆ ಕಾಲೇಜಿನ ದುಡ್ಡು ಸಾಲದು. ಅನುದಾನ ಕೇಳಲೇಬೇಕು.

ನನ್ನ ಮೊದಲ ಅರ್ಜಿಯನ್ನು ಯಾರೂ ಓದಲಿಲ್ಲ. ಗಡುವು ಸಂಜೆ 5 ಗಂಟೆ. ನಾನು ಕಂಪ್ಯೂಟರ್ ಮುಂದೆ ಕುಳಿತದ್ದು ಅದೇ ದಿನ ಮಧ್ಯಾಹ್ನ. ಪ್ರಾಂಶುಪಾಲರ ಪತ್ರದ ಸ್ಕ್ಯಾನ್ 11 ಎಂಬಿ ಇತ್ತು, ಪೋರ್ಟಲ್ ಒಪ್ಪುತ್ತಿದ್ದದ್ದು 2 ಎಂಬಿ. ಅದನ್ನು ಕುಗ್ಗಿಸಿ ಬರುವಷ್ಟರಲ್ಲಿ ಲಾಗಿನ್ ಕಡಿದುಹೋಗಿತ್ತು. ಮತ್ತೆ ಒಳಗೆ ಹೋಗಲು ಒಟಿಪಿ ಬೇಕು. ಕಾಲೇಜಿನ ಖಾತೆಗೆ ಜೋಡಿಸಿದ್ದ ಮೊಬೈಲ್ ಸಂಖ್ಯೆ ಹಿಂದಿನ ವರ್ಷ ನಿವೃತ್ತರಾದವರದು, ಅವರು ಮದುವೆ ಮನೆಯಲ್ಲಿದ್ದರು. ಅವರು ಫೋನ್ ಎತ್ತಿದಾಗ 4.52. ಒಟಿಪಿ ಹಾಕಿ, ಕಡತ ಏರಿಸಿ ಕೊನೆಯ ಪುಟಕ್ಕೆ ಬಂದಾಗ ‘ಸಲ್ಲಿಸಿ’ ಎಂಬ ಗುಂಡಿ ಬೂದು ಬಣ್ಣಕ್ಕೆ ತಿರುಗಿತ್ತು. ಎಂಟು ತಿಂಗಳು ಕುಳಿತು ಬರೆದ ಯೋಜನೆ ಚೆನ್ನಾಗಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಅರ್ಜಿ ಕರೆಯುವ ಮುಂದಿನ ಪ್ರಕಟಣೆಗೆ ಒಂದು ವರ್ಷ ಕಾದೆ. ಆ ವರ್ಷವೂ ಆ ಮಕ್ಕಳು ಅದೇ ನೀರು ಕುಡಿದರು.

ಅಂದಿನಿಂದ ನನ್ನ ಡೈರಿಯಲ್ಲಿ ಗಡುವನ್ನು ಹತ್ತು ದಿನ ಹಿಂದಕ್ಕೆ ಬರೆದುಕೊಳ್ಳುತ್ತೇನೆ. ಆದರೆ ಬರೆದುಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಕೆಲಸದ ಸರದಿಯನ್ನೇ ತಿರುಗಿಸಬೇಕು. ನಾವು ಮೇಷ್ಟ್ರುಗಳು ಮೊದಲು ಯೋಜನೆ ಬರೆದು, ತಿದ್ದಿ ತೀಡಿ, ಆಮೇಲೆ ಪೋರ್ಟಲ್ ತೆರೆಯುತ್ತೇವೆ. ಪ್ರಕಟಣೆ ಕಂಡ ದಿನವೇ ಪೋರ್ಟಲ್ ತೆರೆಯಿರಿ. ಹಳೆಯ ಖಾತೆ ಇದೆ ಎಂದು ನಂಬಿ ಕೂರಬೇಡಿ. 2008ರ ಕಾಯ್ದೆಯಿಂದ ಹುಟ್ಟಿದ, ವಿಜ್ಞಾನ ಸಂಶೋಧನೆಗೆ ಅನುದಾನ ಕೊಡುತ್ತಿದ್ದ ಕೇಂದ್ರ ಸರ್ಕಾರದ ಮಂಡಳಿ ಎಸ್‌ಇಆರ್‌ಬಿ, 2023ರ ಕಾಯ್ದೆಯ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಸೇರಿಹೋಯಿತು. ಸಂಸ್ಥೆಗಳೇ ಹೀಗೆ ಬದಲಾಗುವಾಗ ಎಂದೋ ಮಾಡಿದ ಪಾಸ್‌ವರ್ಡ್ ಏನಾಗಿದೆಯೋ ನೋಡಿಯೇ ತಿಳಿಯಬೇಕು. ಲಾಗಿನ್ ಆಗಿ, ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಈಗಿನವೇ ಎಂದು ಖಚಿತಪಡಿಸಿಕೊಳ್ಳಿ. ಸಂಸ್ಥೆಗಳ ಪಟ್ಟಿಯಲ್ಲಿ ನಿಮ್ಮ ಕಾಲೇಜಿನ ಹೆಸರಿದೆಯೇ ನೋಡಿ. ತಾಲ್ಲೂಕು ಕೇಂದ್ರಗಳ ಕಾಲೇಜುಗಳ ಹೆಸರು ಎಷ್ಟೋ ಸಲ ಇರುವುದಿಲ್ಲ, ಸೇರಿಸಿ ಎಂದು ಬರೆದರೆ ಉತ್ತರ ಬರಲು ದಿನಗಳು ಹಿಡಿಯುತ್ತವೆ. ವಿದೇಶಿ ಅನುದಾನಕ್ಕೆ ಹಾಕುವವರು ಇನ್ನೂ ಮುಂಚೆ ಏಳಬೇಕು: ವೈದ್ಯಕೀಯ ಸಂಶೋಧನೆಗೆ ಅನುದಾನ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್ ತನ್ನ ಅರ್ಜಿದಾರರಿಗೆ ನೋಂದಣಿಗಳನ್ನೇ ಆರು ವಾರ ಮೊದಲು ಆರಂಭಿಸಿ ಎನ್ನುತ್ತದೆ.

ಖಾತೆ ಸರಿಯಿದ್ದರೆ ಅದೇ ವಾರ ಅರ್ಜಿಯ ಪುಟಗಳನ್ನೆಲ್ಲ ಒಮ್ಮೆ ದಾಟಿ ಹೋಗಿ. ಸಾರಾಂಶದ ಜಾಗದಲ್ಲಿ ಎರಡು ಸಾಲು, ಬಜೆಟ್ಟಿನ ಜಾಗದಲ್ಲಿ ಅಂದಾಜು ಅಂಕಿ ಹಾಕಿ ಕರಡಾಗಿ ಉಳಿಸಿ. ಯಾವ ಪುಟದಲ್ಲಿ ಏನು ಕೇಳುತ್ತಾರೆ, ಎಷ್ಟು ಅಕ್ಷರ ಹಿಡಿಸುತ್ತದೆ, ಯಾವ ಪತ್ರ ಬೇಕು ಎಂಬುದೆಲ್ಲ ಆಗ ಬಯಲಾಗುತ್ತದೆ. ನೋಟ್‌ಬುಕ್ಕಿನಲ್ಲಿ ಗೀಚಿಕೊಳ್ಳಿ.

ಬೇರೆಯವರ ಸಹಿ ಬೇಕಾದ ಕಾಗದಗಳನ್ನು ಎಲ್ಲಕ್ಕಿಂತ ಮೊದಲು ಹಿಡಿಯಿರಿ. ಪ್ರಾಂಶುಪಾಲರು ಪರೀಕ್ಷಾ ಕೆಲಸಕ್ಕೆ ಹೋಗಿರುತ್ತಾರೆ, ಸಹ ಸಂಶೋಧಕರು ಬೆಂಗಳೂರಿನಲ್ಲಿರುತ್ತಾರೆ, ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಸಭೆ ಸೇರಿದಾಗಲೇ ಸೇರುವುದು. ಅನುಮೋದನೆ ಪತ್ರಕ್ಕೆ ಅನುದಾನ ಸಂಸ್ಥೆಯವರೇ ಕೊಟ್ಟ ನಮೂನೆ ಇದ್ದರೆ ಒಂದು ಪದವನ್ನೂ ಬದಲಿಸದೆ ಲೆಟರ್‌ಹೆಡ್ ಮೇಲೆ ತೆಗೆಯಿರಿ. ಸಹಿ, ಸೀಲು, ದಿನಾಂಕ ಮೂರೂ ಇವೆಯೇ ಎಂದು ಆ ಕೋಣೆಯಿಂದ ಹೊರಬರುವ ಮೊದಲೇ ನೋಡಿ. ಸ್ಕ್ಯಾನ್ ಮಾಡುವಾಗ ಬಣ್ಣ ಬೇಡ, 150 ಡಿಪಿಐ ಸಾಕು. ಕಡತದ ಹೆಸರು ಚಿಕ್ಕದಾಗಿ, ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇರಲಿ.

ಇನ್ನು ಬರಹವನ್ನು ಅಂಟಿಸುವ ಕೆಲಸ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇಲ್ಲಾಗುವ ತಪ್ಪು ಕಣ್ಣಿಗೆ ಬೀಳುವುದಿಲ್ಲ. ನನ್ನ ಎರಡನೆಯ ಅರ್ಜಿಯಲ್ಲಿ, ನಮ್ಮ ಅಯಾನ್ ಮೀಟರಿನ ವಿದ್ಯುದ್ವಾರ, ಅಂದರೆ ನೀರಿಗೆ ಅದ್ದುವ ಕಡ್ಡಿ, ಲೀಟರಿಗೆ 20 ಮೈಕ್ರೋಗ್ರಾಂನಷ್ಟು ಫ್ಲೋರೈಡನ್ನೂ ಗುರುತಿಸಬಲ್ಲದು ಎಂದು ಬರೆದಿದ್ದೆ. ವರ್ಡ್ ಕಡತದಲ್ಲಿ ಮೈಕ್ರೋ ಚಿಹ್ನೆಯಾದ ಗ್ರೀಕ್ ಮ್ಯೂ ಅಕ್ಷರವನ್ನು ಸಿಂಬಲ್ ಫಾಂಟಿನಲ್ಲಿ ಹಾಕಿದ್ದೆ. ಆ ಫಾಂಟಿನಲ್ಲಿ ಮ್ಯೂ ಕೂರುವುದು ಇಂಗ್ಲಿಷಿನ ಎಂ ಕೀಲಿಯ ಮೇಲೆ. ಪೋರ್ಟಲಿನ ಪೆಟ್ಟಿಗೆಗೆ ಅಂಟಿಸಿದಾಗ ಫಾಂಟು ಕಳಚಿ ಬರಿಯ ಎಂ ಉಳಿಯಿತು, ಮೈಕ್ರೋಗ್ರಾಂ ಮಿಲಿಗ್ರಾಂ ಆಯಿತು. ಸಾವಿರ ಪಟ್ಟು ವ್ಯತ್ಯಾಸ! 1.5 ಮಿಲಿಗ್ರಾಂ ಮಿತಿಯ ನೀರನ್ನು 20 ಮಿಲಿಗ್ರಾಂಗಿಂತ ಕಡಿಮೆಯಾದರೆ ಕಾಣಲಾರದ ಉಪಕರಣದಿಂದ ಅಳೆಯುತ್ತೇನೆ ಎಂದಂತಾಯಿತು. ಓದುವ ತಜ್ಞರು ಅಲ್ಲಿಗೇ ಕಾಗದ ಕೆಳಗಿಡುತ್ತಿದ್ದರು. ಗಡುವಿಗೆ ಇನ್ನೂ ಒಂಬತ್ತು ದಿನ ಕೈಯಲ್ಲಿದ್ದುದರಿಂದ, ಸಲ್ಲಿಸಿದ ಮರುದಿನ ನಿಧಾನವಾಗಿ ಓದುವಾಗ ಸಿಕ್ಕಿತು, ಸಹಾಯವಾಣಿಗೆ ಬರೆದೆ, ಅವರು ಅರ್ಜಿಯನ್ನು ತಿದ್ದಲು ಮತ್ತೆ ತೆರೆದುಕೊಟ್ಟರು. ಹೀಗೆ ತೆರೆದುಕೊಡುವ ವ್ಯವಸ್ಥೆ ಎಲ್ಲ ಕಡೆ ಇರುವುದಿಲ್ಲ, ಆದ್ದರಿಂದ ಸಲ್ಲಿಸುವ ಮೊದಲೇ ಮುನ್ನೋಟದ ಪ್ರತಿಯನ್ನು ಮುದ್ರಿಸಿ ಬೇರೆಯವರ ಕೈಗೆ ಕೊಡಿ. ಕನ್ನಡದಲ್ಲಿ ಅರ್ಜಿ ಬರೆಯುವವರು ಹಳೆಯ ನುಡಿ ಫಾಂಟಿನ ಪಠ್ಯವನ್ನು ನೇರವಾಗಿ ಅಂಟಿಸಬಾರದು, ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿಕೊಳ್ಳಿ.

ಎನ್‌ಐಎಚ್‌ನವರು ಜೋಡಣೆಯಾದ ಅರ್ಜಿಯನ್ನು ನೋಡಿಕೊಳ್ಳಲು ಎರಡು ಕೆಲಸದ ದಿನ ಕೊಡುತ್ತಾರೆ. ಆದರೆ ಗಡುವು ಕಳೆದ ಮೇಲೆ ತಿದ್ದಿ ಕಳುಹಿಸಿದರೆ ಅದು ತಡವಾದ ಅರ್ಜಿಯೆಂದೇ ಲೆಕ್ಕ. ಮುಂಚೆ ಕಳುಹಿಸಿದವರಿಗಷ್ಟೇ ಆ ಎರಡು ದಿನ ತಿದ್ದುವುದಕ್ಕೆ ಒದಗುತ್ತವೆ.

ಸಲ್ಲಿಸುವುದಕ್ಕೆ ಬೆಳಿಗ್ಗೆ ಕುಳಿತುಕೊಳ್ಳಿ, ಕೆಲಸದ ದಿನವೇ ಆಗಿರಲಿ. ತೊಂದರೆಯಾದರೆ ಸಹಾಯವಾಣಿಯಲ್ಲಿ ಮನುಷ್ಯರು ಸಿಗಬೇಕು. ಯುಪಿಎಸ್ ಇರುವ ಕೋಣೆ, ಹಾಟ್‌ಸ್ಪಾಟ್ ಕೊಡಲು ಇನ್ನೊಂದು ಕಂಪನಿಯ ಸಿಮ್ ಇರುವ ಮೊಬೈಲ್ ಎರಡನ್ನೂ ಸಿದ್ಧ ಮಾಡಿಕೊಳ್ಳಿ. ‘ಉಳಿಸಿ’ ಒತ್ತಿ ‘ಸಲ್ಲಿಸಿ’ ಎಂದುಕೊಂಡು ಎದ್ದು ಬಂದವರನ್ನು ನೋಡಿದ್ದೇನೆ. ಅರ್ಜಿ ಸಂಖ್ಯೆ ಪರದೆಯ ಮೇಲೆ ಬಂದು, ಸ್ವೀಕೃತಿಯ ಇಮೇಲ್ ಕೈಸೇರುವವರೆಗೆ ಅರ್ಜಿ ಹೋಗಿಲ್ಲ ಎಂದೇ ತಿಳಿಯಿರಿ. ಏನಾದರೂ ಕೆಟ್ಟರೆ ಪರದೆಯ ಚಿತ್ರ ತೆಗೆದು, ಸಮಯ ಮತ್ತು ಅರ್ಜಿ ಸಂಖ್ಯೆಯೊಂದಿಗೆ ಆ ಕ್ಷಣವೇ ಬರೆಯಿರಿ.

ಸಲ್ಲಿಸಿದ ಪ್ರತಿಯನ್ನು ಇಳಿಸಿಕೊಂಡು ಮುದ್ರಿಸಿ, ಮೇಲೆ ಅರ್ಜಿ ಸಂಖ್ಯೆಯನ್ನು ಪೆನ್ನಿನಲ್ಲಿ ಬರೆದು ಪ್ರಾಂಶುಪಾಲರ ಕಚೇರಿಯ ಫೈಲಿನಲ್ಲಿ ಒಂದು ಇಡಿಸಿ. ನಿಮ್ಮಲ್ಲೂ ಒಂದು ಇರಲಿ. ಅನುದಾನ ಬಂದರೆ ಲೆಕ್ಕಪತ್ರದವರು ಮೊದಲು ಕೇಳುವುದು ಅದನ್ನೇ.