ಕೋಬಾಲ್ಟ್ ಕೋಣೆಗೆ ಕಾವಲು ಹಾಕುವುದು ಹೇಗೆ?

ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರೋಗಿಗಳು ‘ಕರೆಂಟು ಕೊಡುವ ಕೋಣೆ’ ಎಂದು ಕರೆಯುವ ಜಾಗ ಸಾಮಾನ್ಯವಾಗಿ ನೆಲಮಹಡಿಯ ಕೊನೆಯಲ್ಲೋ ನೆಲಮಾಳಿಗೆಯಲ್ಲೋ ಇರುತ್ತದೆ. ಅಲ್ಲಿರುವುದು ವಿದ್ಯುತ್ತಿನಿಂದಲೇ ಕಿರಣ ಹುಟ್ಟಿಸುವ ಲಿನಾಕ್ ಯಂತ್ರವಾದರೆ ಆ ಹೆಸರು ಸರಿಯೇ. ಕರೆಂಟು ಹೋದರೆ ಅದರ ವಿಕಿರಣವೂ ನಿಲ್ಲುತ್ತದೆ. ಟೆಲಿಕೋಬಾಲ್ಟ್ ಆದರೆ ಹಾಗಲ್ಲ. ಅದರ ತಲೆಭಾಗದಲ್ಲಿ, ಸೀಸದಂಥ ಭಾರಲೋಹದ ದಪ್ಪ ಕವಚದ ನಡುವೆ, ಹೆಬ್ಬೆರಳು ಗಾತ್ರದ ಉಕ್ಕಿನ ಕೋಶವೊಂದರಲ್ಲಿ ಕೋಬಾಲ್ಟ್-60 ಕುಳಿತಿರುತ್ತದೆ. ಊರಿಗೆಲ್ಲ ಕರೆಂಟು ಹೋಗಲಿ, ಆಸ್ಪತ್ರೆಯೇ ಮುಚ್ಚಲಿ, ಅದು ತನ್ನ ಪಾಡಿಗೆ ಗಾಮಾ ಕಿರಣ ಸೂಸುತ್ತಲೇ ಇರುತ್ತದೆ. ಕವಚದ ಒಳಗಿದ್ದರೆ ಮದ್ದು. ಹೊರಗೆ ಬಿದ್ದರೆ, ಹೊಸದಾದ ವಿಕಿರಣ ಮೂಲವೊಂದು ಹತ್ತಿರ ನಿಂತವನನ್ನು ಕೆಲವೇ ನಿಮಿಷಗಳಲ್ಲಿ ಸಾವಿನ ಅಂಚಿಗೆ ತಳ್ಳಬಲ್ಲದು.

ಇಂಥದ್ದನ್ನು ಕಾಯಬೇಕಾದ ಆಡಳಿತಾಧಿಕಾರಿಗಳಿಗೆ, ರಕ್ತನಿಧಿಯವರಿಗೆ, ಠಾಣೆಯ ಇನ್‌ಸ್ಪೆಕ್ಟರಿಗೆ ಕೆಲಸಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಹಲವು ವರ್ಷ ವೈದ್ಯಕೀಯ ಭೌತವಿಜ್ಞಾನಿಯಾಗಿ ಇಂಥ ಕೋಣೆಗಳ ಲೆಕ್ಕ ಬರೆದವನು ನಾನು. ಬೀಗಕ್ಕಿಂತ ಲೆಕ್ಕದ ಪುಸ್ತಕದ ಮೇಲೆ ನನಗೆ ನಂಬಿಕೆ ಹೆಚ್ಚು.

ಮೊದಲ ಹೆಜ್ಜೆ: ಎಣಿಸಿ, ಬರೆದಿಡಿ

ನಿಮ್ಮಲ್ಲಿ ಏನೇನಿದೆ ಎಂಬುದು ಗೊತ್ತಿಲ್ಲದೆ ಕಾವಲಿಡುವುದು ಹೇಗೆ? ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ವಿಕಿರಣ ಮೂಲಗಳನ್ನು ಐದು ವರ್ಗಗಳಾಗಿ ವಿಂಗಡಿಸಿದೆ. ಒಂದನೆಯದು ಅತಿ ಅಪಾಯಕಾರಿ. ಕೋಬಾಲ್ಟ್-60 ಆದರೆ ಅದರ ವಿಕಿರಣ ಶಕ್ತಿಯ ಅಳತೆ 30 ಟೆರಾಬೆಕ್ವೆರೆಲ್, ಅಂದರೆ ಹಳಬರ ಲೆಕ್ಕದಲ್ಲಿ ಸುಮಾರು 810 ಕ್ಯೂರಿ, ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದನೇ ವರ್ಗ. ಸೀಸಿಯಂ-137 ಆದರೆ 100 ಟೆರಾಬೆಕ್ವೆರೆಲ್. ಟೆಲಿಕೋಬಾಲ್ಟ್ ಯಂತ್ರಗಳೂ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವಂಥ, ಸುಮಾರು ಇನ್ನೂರು ಕೋಬಾಲ್ಟ್ ತುಣುಕುಗಳನ್ನು ಮಿದುಳಿನ ಒಂದೇ ಬಿಂದುವಿಗೆ ಗುರಿಯಿಡುವ ಗಾಮಾ ನೈಫ್‌ಗಳೂ ಸಾಮಾನ್ಯವಾಗಿ ಇಲ್ಲಿಗೆ ಬರುತ್ತವೆ. ರಕ್ತದ ಚೀಲಗಳಿಗೆ ವಿಕಿರಣ ಕೊಡುವ ಇರೇಡಿಯೇಟರ್ ತನ್ನ ಶಕ್ತಿಗೆ ತಕ್ಕಂತೆ ಒಂದನೆಯದಕ್ಕೋ ಎರಡನೆಯದಕ್ಕೋ ಸೇರುತ್ತದೆ. ಗರ್ಭಕೊರಳಿನ ಕ್ಯಾನ್ಸರಿಗೆ ಬಳಸುವ ಬ್ರಾಕಿಥೆರಪಿಯ, ಅಂದರೆ ಮೂಲವನ್ನು ದೇಹದೊಳಗೇ ಇಟ್ಟು ಕೊಡುವ ಚಿಕಿತ್ಸೆಯ, ಇರಿಡಿಯಂ-192 ಅಕ್ಕಿಕಾಳಿನಷ್ಟೇ ಇದ್ದರೂ ಪಟ್ಟಿಯಲ್ಲಿ ಎರಡನೇ ವರ್ಗದಲ್ಲಿದೆ.

ಪ್ರತಿ ಮೂಲಕ್ಕೂ ಪುಸ್ತಕದಲ್ಲಿ ಒಂದು ಸಾಲು: ಕ್ರಮಸಂಖ್ಯೆ, ಬಂದ ದಿನ, ಅಂದಿನ ಶಕ್ತಿ, ಇರುವ ಕೋಣೆ, ಹೊಣೆ ಹೊತ್ತವರ ಹೆಸರು. ನಮ್ಮ ದೇಶದಲ್ಲಿ ಇವನ್ನು ಇಟ್ಟುಕೊಳ್ಳಲು ಮುಂಬಯಿಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು. ಎಇಆರ್‌ಬಿ ಎಂದೇ ಎಲ್ಲರೂ ಕರೆಯುವ ಈ ಮಂಡಳಿಯ ‘ಇ-ಲೋರಾ’ ಜಾಲತಾಣದಲ್ಲೂ ವಿವರ ದಾಖಲಾಗಬೇಕು. ವಿಕಿರಣ ಸುರಕ್ಷತಾ ಅಧಿಕಾರಿ ಒಬ್ಬರು ನೇಮಕವಾಗಿರಬೇಕು. ಆ ಅಧಿಕಾರಿ ಗೊತ್ತುಮಾಡಿದ ದಿನ ವಿಕಿರಣ ಅಳೆಯುವ ಸರ್ವೆ ಮೀಟರ್ ಹಿಡಿದು ಕೋಣೆಗೆ ಹೋಗಿ, ಮೂಲ ಅಲ್ಲೇ ಇದೆ ಎಂಬುದನ್ನು ಖಚಿತಪಡಿಸಿಕೊಂಡು ಸಹಿ ಹಾಕಬೇಕು. ಕುರ್ಚಿಯಲ್ಲಿ ಕುಳಿತು ಹಿಂದಿನ ತಿಂಗಳ ಸಾಲನ್ನು ನಕಲು ಮಾಡುವುದು ಎಣಿಕೆಯಲ್ಲ.

‘ಹಳೆಯದು ಸ್ವಾಮಿ, ಅದರಲ್ಲಿ ಈಗೇನೂ ಉಳಿದಿಲ್ಲ’ ಎಂಬ ಮಾತನ್ನು ನಂಬಬೇಡಿ. ಕೋಬಾಲ್ಟ್-60ರ ಅರ್ಧಾಯುಷ್ಯ, ಅಂದರೆ ಶಕ್ತಿ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, 5.27 ವರ್ಷ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಸಿಕ್ಕ ಕೋಬಾಲ್ಟ್, ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ 1968ರಲ್ಲಿ ತರಿಸಿದ್ದ ಉಪಕರಣದ್ದು. ಆಸ್ಪತ್ರೆಯದಲ್ಲ, ನಿಜ, ಆದರೆ ಲೆಕ್ಕ ಒಂದೇ. 42 ವರ್ಷವೆಂದರೆ ಹತ್ತಿರಹತ್ತಿರ ಎಂಟು ಅರ್ಧಾಯುಷ್ಯ. ಮೊದಲಿನ ಶಕ್ತಿಯಲ್ಲಿ 256ರಲ್ಲಿ ಒಂದು ಪಾಲು ಮಾತ್ರ ಉಳಿದಿತ್ತು. ಆ ಒಂದು ಪಾಲೇ ಒಬ್ಬನನ್ನು ಬಲಿ ತೆಗೆದುಕೊಂಡು ಹಲವರನ್ನು ಆಸ್ಪತ್ರೆಗೆ ಸೇರಿಸಿತು.

ಎರಡನೇ ಹೆಜ್ಜೆ: ಗೋಡೆ, ಬಾಗಿಲು, ನೆಲ

ಟೆಲಿಕೋಬಾಲ್ಟ್ ಕೋಣೆಯ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಕಿರಣ ತಡೆಯಲೆಂದು ಕಟ್ಟಿದ ಮೀಟರುಗಟ್ಟಲೆ ಕಾಂಕ್ರೀಟು ಕಳ್ಳನನ್ನೂ ತಡೆಯುತ್ತದೆ. ಚಿಂತೆಯಿರುವುದು ರಕ್ತನಿಧಿಯ ಇರೇಡಿಯೇಟರಿನದು. ಅದರ ಕವಚ ಅದರ ಮೈಯಲ್ಲೇ ಇರುವುದರಿಂದ ದಪ್ಪ ಗೋಡೆ ಬೇಕಾಗುವುದಿಲ್ಲ. ಫ್ರಿಜ್‌ಗಳ ಸಾಲಿನಲ್ಲಿ ಇನ್ನೊಂದು ಬೀರುವಿನಂತೆ, ಮಾಮೂಲಿ ಪ್ಲೈವುಡ್ ಬಾಗಿಲಿನ ಕೋಣೆಯಲ್ಲಿ ನಿಂತಿರುತ್ತದೆ. ಹೊಸಬರಿಗೆ ಅದೇನೆಂದೇ ಗೊತ್ತಾಗುವುದಿಲ್ಲ.

‘ಟನ್‌ಗಟ್ಟಲೆ ತೂಕ, ಯಾರು ಹೊತ್ತುಕೊಂಡು ಹೋಗುತ್ತಾರೆ?’ ಎಂದು ಕೇಳುವವರಿದ್ದಾರೆ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2012ರಲ್ಲಿ ಅಲ್ಲಿನ ಆಸ್ಪತ್ರೆಗಳನ್ನು ಸುತ್ತಿ ವರದಿ ಕೊಟ್ಟಿತು. ಒಂದು ಕಡೆ ಸುಮಾರು 1,700 ಕ್ಯೂರಿಯ ಇರೇಡಿಯೇಟರನ್ನು ನೆಲಮಾಳಿಗೆಯಲ್ಲಿ ಚಕ್ರವಿರುವ ಹಲಗೆಯ ಮೇಲೆ ಇಡಲಾಗಿತ್ತು. ಅದೇ ಓಣಿಯ ಆ ಬದಿಗೆ ಕಾವಲಿಲ್ಲದ, ಸರಕು ಇಳಿಸುವ ಜಗಲಿ. ಹೊರುವ ಕಷ್ಟವೇ ಇರಲಿಲ್ಲ!

ಹಾಗಾಗಿ ಯಂತ್ರವನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಿರಿ. ಬಾಗಿಲು ಉಕ್ಕಿನದಾಗಿರಲಿ, ಚೌಕಟ್ಟು ಗೋಡೆಯೊಳಗೆ ಕೂತಿರಲಿ; ಕಿಟಕಿ ಇದ್ದರೆ ಮುಚ್ಚಿಸಿ. ಒಳಗೆ ಸಿಕ್ಕಿಕೊಂಡವರು ಕೀಲಿಕೈ ಇಲ್ಲದೆ ಹೊರಬರುವಂತಿರಬೇಕು ಎಂಬುದನ್ನು ಮಾತ್ರ ಮರೆಯಬೇಡಿ.

ಹೊಸದಾಗಿ ಕೊಳ್ಳುವವರಿಗೊಂದು ಮಾತು. ರಕ್ತಕ್ಕೆ ಎಕ್ಸ್‌-ರೇಯಿಂದ ವಿಕಿರಣ ಕೊಡುವ ಯಂತ್ರಗಳು ಈಗ ಸಿಗುತ್ತವೆ, ಅವುಗಳಲ್ಲಿ ಕದಿಯಲು ಏನೂ ಇಲ್ಲ. ಹಳೆಯ ಮಾದರಿಗಳ ಸೀಸಿಯಂ ಕ್ಲೋರೈಡ್ ಉಪ್ಪಿನಂತೆ ಪುಡಿಯಾಗುತ್ತದೆ, ನೀರಿನಲ್ಲಿ ಕರಗುತ್ತದೆ. ಒಡೆದರೆ ಊರೆಲ್ಲ ಹರಡುತ್ತದೆ. ಈ ತೊಂದರೆಯನ್ನು ತಪ್ಪಿಸಲೆಂದೇ ಸೀಸಿಯಂ ಅನ್ನು ಗಾಜಿನೊಳಗೆ ಹುದುಗಿಸುವ ವಿಧಾನವನ್ನು ನಮ್ಮ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಬಳಕೆಗೆ ತಂದಿದೆ. ಟೆಲಿಕೋಬಾಲ್ಟನ್ನೂ ಹೀಗೆ ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಕರೆಂಟು ಪದೇ ಪದೇ ಕೈಕೊಡುವ ಊರಿನಲ್ಲಿ, ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಕೊಡಬೇಕಾದ ಆಸ್ಪತ್ರೆಗೆ ಅದು ಇವತ್ತಿಗೂ ಆಸರೆ.

ಮೂರನೇ ಹೆಜ್ಜೆ: ಕೀಲಿಕೈ ಯಾರ ಬಳಿ?

ಅದೇ ಅಮೆರಿಕದ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ದೊಡ್ಡ ನಗರವೊಂದರ ಆಸ್ಪತ್ರೆಯ ರಕ್ತನಿಧಿಗೆ ಸಂಖ್ಯೆ ಒತ್ತಿ ತೆರೆಯುವ ಬೀಗ ಹಾಕಿದ್ದರು. ಒಳಗಿದ್ದದ್ದು ಸುಮಾರು 1,500 ಕ್ಯೂರಿಯ ಸೀಸಿಯಂ. ಬೀಗದ ಸಂಖ್ಯೆಯನ್ನು ಬಾಗಿಲಿನ ಚೌಕಟ್ಟಿನ ಮೇಲೆಯೇ ಬರೆದಿದ್ದರು. ಓದಿ ನಕ್ಕೆ, ಆಮೇಲೆ ನಗು ನಿಂತಿತು. ನಾನು ಕೆಲಸಕ್ಕಿದ್ದ ಒಂದು ಕಡೆ ಕೀಲಿಕೈಯನ್ನು ಪಕ್ಕದ ಕೋಣೆಯ ಮೊಳೆಗೆ ನೇತುಹಾಕುತ್ತಿದ್ದರು, ಅದಕ್ಕೊಂದು ಚೀಟಿ ಬೇರೆ: ‘ಕೋಬಾಲ್ಟ್’. ಕಳ್ಳನಿಗೆ ಹುಡುಕುವ ಶ್ರಮವಾಗದಿರಲಿ ಎಂದಿರಬೇಕು.

ಒಬ್ಬಂಟಿಯಾಗಿ ಒಳಹೋಗಬಲ್ಲವರ ಪಟ್ಟಿ ಚಿಕ್ಕದಿರಲಿ. ಅವರ ಪೂರ್ವಾಪರವನ್ನು ಪೊಲೀಸರ ಮೂಲಕ ವಿಚಾರಿಸಿರಲಿ. ಉಳಿದವರು, ಅಂದರೆ ಕಸ ಗುಡಿಸುವವರು, ಎಸಿ ರಿಪೇರಿಯವರು, ಕಂಪನಿಯ ಎಂಜಿನಿಯರು, ಸಂಬಂಧಪಡದ ವೈದ್ಯರು ಕೂಡ, ಜೊತೆಗೆ ಒಬ್ಬರಿದ್ದರೆ ಮಾತ್ರ ಒಳಗೆ. ರಾತ್ರಿ ಪಾಳಿಯಲ್ಲಿ ಇಬ್ಬರ ಕೀಲಿ ಸೇರಿದರೆ ಮಾತ್ರ ಬಾಗಿಲು ತೆರೆಯುವಂತೆ ಮಾಡಿ. ಯಾರಾದರೂ ಕೆಲಸ ಬಿಟ್ಟರೆ ಅವರ ಕಾರ್ಡು ಅಂದೇ ರದ್ದಾಗಬೇಕು, ಸಂಖ್ಯೆ ಅಂದೇ ಬದಲಾಗಬೇಕು. ನಮ್ಮಲ್ಲಿ ಬೀಳ್ಕೊಡುಗೆಗೆ ಹಾರ ತರಿಸುವುದು ಯಾರಿಗೂ ಮರೆಯುವುದಿಲ್ಲ, ಇದು ಮರೆಯುತ್ತದೆ.

ನಾಲ್ಕನೇ ಹೆಜ್ಜೆ: ನಿಮಿಷಗಳ ಲೆಕ್ಕ

ಇಡೀ ಕಾವಲಿನ ತಿರುಳು ಒಂದು ಸಣ್ಣ ಕೂಡು-ಕಳೆ ಲೆಕ್ಕ. ಬಾಗಿಲು ಒಡೆಯುತ್ತಿದ್ದಾರೆ ಎಂಬುದು ತಿಳಿದ ಕ್ಷಣದಿಂದ ಪೊಲೀಸರು ಬಂದು ನಿಲ್ಲುವವರೆಗೆ 15 ನಿಮಿಷ ಬೇಕು ಎಂದುಕೊಳ್ಳೋಣ. ಹಾಗಾದರೆ ಕಳ್ಳನಿಗೆ ಬಾಗಿಲು, ಬೋಲ್ಟು, ಕವಚ ಎಲ್ಲ ಸೇರಿ 15 ನಿಮಿಷಕ್ಕಿಂತ ಹೆಚ್ಚು ಹಿಡಿಯಬೇಕು. ಹಿಡಿಯದಿದ್ದರೆ ಎರಡೇ ದಾರಿ: ಅಡ್ಡಿಗಳನ್ನು ಹೆಚ್ಚಿಸಿ, ಇಲ್ಲವೇ ಹತ್ತಿರದಲ್ಲಿ ತಡೆಯಬಲ್ಲವರನ್ನು ಇಡಿ. ಗಡಿಯಾರ ಓಡಲು ಶುರುವಾಗುವುದು ಕಳ್ಳ ಬಂದಾಗ ಅಲ್ಲ, ಅವನು ಬಂದದ್ದು ನಿಮಗೆ ಗೊತ್ತಾದಾಗ. ಗೊತ್ತಾಗುವ ಮೊದಲೇ ಅವನು ಮುರಿದ ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಲೆಕ್ಕಕ್ಕಿಲ್ಲ.

ಅದಕ್ಕೇ ಕ್ಯಾಮೆರಾ ಹಾಕಿಸಿ ನಿಶ್ಚಿಂತರಾಗುವವರನ್ನು ಕಂಡರೆ ನನಗೆ ಕಸಿವಿಸಿ. ಬೆಳಿಗ್ಗೆ ಬಂದು ನೋಡುವ ಕ್ಯಾಮೆರಾ ಸಾಕ್ಷಿ ಹೇಳುತ್ತದೆ, ಕಾಯುವುದಿಲ್ಲ. ಬಾಗಿಲಿಗೂ ಯಂತ್ರದ ಮೈಗೂ ಸೂಚಕಗಳಿರಲಿ, ಸಾಧ್ಯವಾದರೆ ವಿಕಿರಣ ಏರಿದರೆ ಕೂಗುವ ಮಾಪಕವೂ ಇರಲಿ. ಅವುಗಳ ಸದ್ದು ಖಾಲಿ ಓಣಿಯಲ್ಲಿ ಮೊಳಗಿ ಪ್ರಯೋಜನವಿಲ್ಲ. ದಿನದ 24 ಗಂಟೆಯೂ ಮನುಷ್ಯರಿರುವ ಕಾವಲು ಕೊಠಡಿಗೆ ತಲುಪಬೇಕು. ಆಸ್ಪತ್ರೆಯ ಕರೆಂಟು ಹೋದರೂ ನಡೆಯುವಂತೆ ಬ್ಯಾಟರಿ ಇರಬೇಕು. ಒಂದು ತಂತಿ ತುಂಡಾದರೆ ಅದೇ ಒಂದು ಎಚ್ಚರಿಕೆಯಾಗಬೇಕು.

ಇನ್ನು ಪೊಲೀಸರು. ಸ್ಥಳೀಯ ಠಾಣೆಯವರನ್ನು ಕರೆಸಿ, ಯಂತ್ರ ತೋರಿಸಿ, ಚಹಾ ಕೊಟ್ಟು, ಎರಡು ವಿಷಯ ಮನದಟ್ಟು ಮಾಡಿಸಿ. ಕವಚ ಸಮೇತ ಇದ್ದರೆ ಹತ್ತಿರ ಹೋಗಿ ಕಳ್ಳನನ್ನು ಹಿಡಿಯಬಹುದು. ಕವಚ ತೆರೆದಿರುವ ಅನುಮಾನವಿದ್ದರೆ ದೂರ ನಿಂತು, ಜನರನ್ನು ದೂರವಿಟ್ಟು, ವಿಕಿರಣ ಸುರಕ್ಷತಾ ಅಧಿಕಾರಿಗೆ ಫೋನು ಮಾಡಬೇಕು. ಇನ್‌ಸ್ಪೆಕ್ಟರ್ ವರ್ಗವಾಗಿ ಹೊಸಬರು ಬಂದಾಗಲೆಲ್ಲ ಇದನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಬೇಸರ ಬೇಡ.

ಐದನೇ ಹೆಜ್ಜೆ: ದಾರಿಯಲ್ಲಿರುವಾಗ

ಇರಿಡಿಯಂ-192ರ ಅರ್ಧಾಯುಷ್ಯ 74 ದಿನ ಮಾತ್ರ, ಆದ್ದರಿಂದ ಮೂರು-ನಾಲ್ಕು ತಿಂಗಳಿಗೊಮ್ಮೆ ಹೊಸದು ಬರುತ್ತದೆ, ಹಳೆಯದು ಹೋಗುತ್ತದೆ. ಶನಿವಾರ ಸಂಜೆ ಬಂದ ಪೆಟ್ಟಿಗೆ ಸೋಮವಾರದವರೆಗೆ ಸ್ವಾಗತ ಕೌಂಟರಿನ ಪಕ್ಕ ಕೂರಬಾರದು. ಬರುವ ದಿನ, ಹೊತ್ತು, ಸಹಿ ಹಾಕುವವರು ಮೊದಲೇ ಗೊತ್ತಾಗಿರಬೇಕು.

ಕೋಬಾಲ್ಟ್ ಸಾಗಿಸುವಾಗ ಲಾರಿಯ ಮೇಲೆ ಕಣ್ಣಿಡಿ. 2013ರ ಡಿಸೆಂಬರಿನಲ್ಲಿ ಮೆಕ್ಸಿಕೋದ ಟಿಹುವಾನಾ ನಗರದ ಆಸ್ಪತ್ರೆಯಿಂದ ತ್ಯಾಜ್ಯ ಕೇಂದ್ರಕ್ಕೆ ಹೊರಟಿದ್ದ ಹಳೆಯ ಟೆಲಿಕೋಬಾಲ್ಟ್ ಮೂಲ, ಪೆಟ್ರೋಲ್ ಬಂಕಿನ ಬಳಿ ಲಾರಿ ಸಮೇತ ಕಳುವಾಯಿತು. ಎರಡು ದಿನದ ಮೇಲೆ, ಕವಚದಿಂದ ಹೊರತೆಗೆದ ಸ್ಥಿತಿಯಲ್ಲಿ, ಬಯಲಿನಲ್ಲಿ ಸಿಕ್ಕಿತು. ಕಳ್ಳರಿಗೆ ಬೇಕಿದ್ದದ್ದು ಲಾರಿ.

ಕೊನೆಯ ಹೆಜ್ಜೆ: ಬೇಡವಾದ ಮೇಲೆ

ಯಂತ್ರ ಕೆಲಸ ಮಾಡುವಾಗ ದಿನವೂ ಹತ್ತು ಜನ ಅದರ ಮುಖ ನೋಡುತ್ತಾರೆ. ಅದು ನಿಂತ ದಿನದಿಂದ ಯಾರೂ ನೋಡುವುದಿಲ್ಲ.

ಮೆಕ್ಸಿಕೋದ ಸಿಯುದಾದ್ ಹುವಾರೆಸ್‌ನಲ್ಲಿ ಆಸ್ಪತ್ರೆಯೊಂದು ಕೊಂಡ ಟೆಲಿಕೋಬಾಲ್ಟ್ ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿತ್ತು. 1983ರ ಡಿಸೆಂಬರಿನಲ್ಲಿ ಅದು ಗುಜರಿ ಸೇರಿತು. ಒಳಗಿದ್ದ ಸುಮಾರು 6,000 ಕೋಬಾಲ್ಟ್ ಗುಂಡುಗಳಲ್ಲಿ ಹಲವು ಕಬ್ಬಿಣದ ಜೊತೆ ಕರಗಿ ಕಟ್ಟಡದ ಸರಳುಗಳಾದವು. ಮರುತಿಂಗಳು ಸರಳು ಹೊತ್ತ ಲಾರಿಯೊಂದು ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಬಳಿ ಹಾದುಹೋಗುವಾಗ ಅಲ್ಲಿನ ವಿಕಿರಣ ಮಾಪಕ ಕೂಗಿಕೊಂಡದ್ದರಿಂದ ಮಾತ್ರ ವಿಷಯ ಹೊರಬಿತ್ತು. ಬ್ರೆಜಿಲ್‌ನ ಗೊಯಾನಿಯಾದಲ್ಲಿ ಚಿಕಿತ್ಸಾಲಯವೊಂದು ಬೇರೆಡೆಗೆ ಹೋಗುವಾಗ ಸೀಸಿಯಂ ಯಂತ್ರವನ್ನು ಹಳೆಯ ಕಟ್ಟಡದಲ್ಲೇ ಬಿಟ್ಟಿತು. 1987ರ ಸೆಪ್ಟೆಂಬರಿನಲ್ಲಿ ಇಬ್ಬರು ಅದರ ತಲೆಭಾಗ ಬಿಚ್ಚಿ ಗುಜರಿಗೆ ಮಾರಿದರು. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿಯನ್ನು ಜನ ಅಕ್ಕರೆಯಿಂದ ಮನೆಗೆ ಒಯ್ದರು, ಮೈಗೆ ಹಚ್ಚಿಕೊಂಡರು. ನಾಲ್ವರು ಸತ್ತರು, ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು. ಥಾಯ್ಲೆಂಡಿನ ಸಮುತ್ ಪ್ರಕಾನ್‌ನಲ್ಲಿ 2000ದಲ್ಲಿ ಮೂವರು ಸತ್ತದ್ದೂ ಹೀಗೇ. ಅಲ್ಲಿ ಹಳೆಯ ಯಂತ್ರಗಳನ್ನು ವಾಹನ ನಿಲ್ಲಿಸುವ ಜಾಗದಲ್ಲಿ ಇಟ್ಟಿದ್ದರು.

ಇವರಲ್ಲಿ ಯಾರಿಗೂ ವಿಕಿರಣ ಬೇಕಿರಲಿಲ್ಲ, ಕೆಜಿ ಲೆಕ್ಕದಲ್ಲಿ ಲೋಹ ಬೇಕಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತೇವೆ. ಇಲ್ಲಿ ಸೂರೆ ಹೋದದ್ದೇ ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಪುಸ್ತಕ ತೆರೆದು ನೋಡುವವರಿರಲಿಲ್ಲ.

ಹಾಗಾಗಿ ಕೊಳ್ಳುವ ದಿನವೇ ಮರಳಿಸುವ ಕರಾರು ಮಾಡಿಕೊಳ್ಳಿ, ಅದರ ಖರ್ಚನ್ನೂ ಎತ್ತಿಡಿ. ಬಳಕೆ ನಿಲ್ಲಿಸಿದ ಕೂಡಲೇ ಎಇಆರ್‌ಬಿಗೆ ತಿಳಿಸಿ, ಅನುಮತಿ ಪಡೆದು, ಮೂಲವನ್ನು ಪೂರೈಸಿದವರಿಗೇ ಹಿಂತಿರುಗಿಸಬೇಕು. ಅದು ಹೊರಡುವವರೆಗೆ ಕಾವಲಿನಲ್ಲಿ ಒಂದು ಕೂದಲೆಳೆಯಷ್ಟೂ ಸಡಿಲ ಬೇಡ. ಮೂಲ ತೆಗೆದ ಖಾಲಿ ತಲೆಭಾಗವನ್ನೂ ಗುಜರಿಗೆ ಹಾಕುವಂತಿಲ್ಲ, ಕೆಲವು ಯಂತ್ರಗಳ ಕವಚದಲ್ಲಿ ಸತ್ವ ತೆಗೆದರೂ ವಿಕಿರಣ ಸೂಸುವ ಯುರೇನಿಯಂ ಇರುತ್ತದೆ. ನಿಮ್ಮ ಊರಿನ ಗುಜರಿ ಅಂಗಡಿಯವರಿಗೂ ಒಂದು ಚಿತ್ರ ತೋರಿಸಿಡಿ: ಕೆಂಪು ತ್ರಿಕೋನ, ಮೇಲಿನಿಂದ ಬೀಳುವ ಕಿರಣಗಳು, ತಲೆಬುರುಡೆ, ಓಡುತ್ತಿರುವ ಮನುಷ್ಯ. 2007ರಲ್ಲಿ ಜಾರಿಗೆ ಬಂದ ಈ ಗುರುತನ್ನು ಯಂತ್ರದ ಒಳಗೆ, ಬಿಚ್ಚಲು ಹೊರಟವರಿಗೆ ಕಾಣುವಂತೆ ಹಾಕಿರುತ್ತಾರೆ. ಓದು ಬಾರದವರಿಗೂ ‘ಬಿಟ್ಟು ಓಡು’ ಎಂಬುದು ತಿಳಿಯುತ್ತದೆ.

ಲಾರಿ ಗೇಟು ದಾಟಿದೊಡನೆ ಪುಸ್ತಕದ ಸಾಲಿಗೆ ಗೆರೆ ಎಳೆಯಬೇಡಿ. ಆ ಕಡೆಯವರು ಪೆಟ್ಟಿಗೆ ತೆರೆದು, ಕ್ರಮಸಂಖ್ಯೆ ತಾಳೆ ನೋಡಿ, ಮೂಲ ತಲುಪಿದೆ ಎಂದು ಬರೆದುಕೊಟ್ಟ ಪತ್ರ ಕೈಗೆ ಬಂದ ಮೇಲೆ ಎಳೆಯಿರಿ. ಪತ್ರವನ್ನು ಅದೇ ಪುಟಕ್ಕೆ ಅಂಟಿಸಿಡಿ.